ಯಾರೂ ಬಂದಿರಲಿಲ್ಲ

ಪೀತಮ್‌ಪುರ, ದೆಹಲಿ
14 ನವೆಂಬರ್ 2024

ಮುರಳಿ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ವಿಷಯ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆ. ನಾನು ಹತ್ತು ಮಾತಾಡಿದರೆ ಒಂಬತ್ತಕ್ಕೆ 'ಹಾಂ, ಹಾಂ' ಅನ್ನುತ್ತೀ, ಹತ್ತನೆಯದಕ್ಕೆ 'ಊಟ ಆಯ್ತಾ ಅತ್ತಿಗೆ' ಅನ್ನುತ್ತೀ. ಇದು ಹಾಂ ಹೂಂ ಅಂದು ಮುಗಿಸುವ ವಿಷಯವಲ್ಲ. ಅದಕ್ಕೇ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ತಿಂಡಿಯ ಗಲಾಟೆ ಇಳಿಯುವ ಹೊತ್ತಿಗೆ ಕೋರ್ಟಿನ ಅಮೀನ ಬಂದ. ಕೆಳಗಿನ ಹೋಟೆಲು, ಮೇಲಿನ ಮನೆ ಎರಡನ್ನೂ ಖಾಲಿ ಮಾಡಿ ಮಾಲೀಕರ ಮಗನ ವಶಕ್ಕೆ ಕೊಡಬೇಕೆಂದು ಆಗಸ್ಟಿನಲ್ಲೇ ತೀರ್ಪಾಗಿದೆಯಂತೆ. ಪ್ರತಿವಾದಿ ಸ್ನೇಹಲತಾ, ಅಂದರೆ ನಾನು, ಒಂದು ದಿನವೂ ಕೋರ್ಟಿಗೆ ಹಾಜರಾಗಲಿಲ್ಲವಾದ್ದರಿಂದ ಏಕಪಕ್ಷೀಯ ತೀರ್ಪು. ನನ್ನ ಮೇಲೊಂದು ದಾವೆ ಇತ್ತು ಅನ್ನುವುದು ತಿಳಿದದ್ದೇ ನಿನ್ನೆ. ಅಮೀನನಿಗೆ ಕಾಫಿ ಕೊಟ್ಟೆ. ಕುಡಿದು, ಒಂದು ತಿಂಗಳು ಬಿಟ್ಟು ಬರುತ್ತೇನೆ ಅಂದು ಹೋದ.

ಗುತ್ತಿಗೆ ಮುಗಿದಿದೆ ಅನ್ನುವುದು ಆ ಹುಡುಗನ ವಾದ. ಮುಗಿದಿಲ್ಲ. ಅವನ ಅಪ್ಪ, ಪುಣ್ಯಾತ್ಮ, ಹೋಗುವ ಮೊದಲು 2031ರವರೆಗೆ ಹೊಸ ಕರಾರು ರಿಜಿಸ್ಟರ್ ಮಾಡಿಸಿಕೊಟ್ಟಿದ್ದಾರೆ. ನನ್ನ ಬೀರುವಿನಲ್ಲಿದೆ. ಜಡ್ಜ್ ಎದುರು ಅದನ್ನು ಇಟ್ಟರೆ ಸಾಕು. ಆದರೆ ತೀರ್ಪಾದ ಮೇಲೆ ಅದನ್ನು ನೋಡುವವರು ಯಾರು? ಮೊದಲು ಆ ತೀರ್ಪು ರದ್ದಾಗಬೇಕು, ಆಮೇಲೆ ನನ್ನ ಮಾತು. ಸುಮಿತ್ ಅಂತ ವಕೀಲರು, ನಮ್ಮ ಹುಡುಗಿ ಪ್ರಜ್ಞಾಳ ಆಫೀಸಿನವರಿಗೆ ಪರಿಚಯ. ತಿಳಿದ ದಿನದಿಂದ ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು, ಸಮನ್ಸ್ ಸಿಗಲೇ ಇಲ್ಲವೆಂದು ತೋರಿಸಬೇಕು ಅಂದರು.

ಈಗ ನಿನ್ನ ವಿಷಯ. ಫೈಲಿನಲ್ಲಿ ಒಂದೇ ಸಾಲಿದೆ: ಫೆಬ್ರವರಿ 14ರಂದು ಸಮನ್ಸ್ ಒಯ್ದಾಗ ಮನೆಯ ಗಂಡಸೊಬ್ಬರು ನಿರಾಕರಿಸಿದರು, ಅಂತ. ಫೆಬ್ರವರಿ 14 ಅಂದರೆ ಅತ್ತೆ ತೀರಿಕೊಂಡ ಏಳನೇ ದಿನ. ಹೋಟೆಲು ಮುಚ್ಚಿತ್ತು. ನಿನ್ನ ಅಣ್ಣ ಇಲ್ಲದ ಮನೆಯಲ್ಲಿ ಕ್ರಿಯೆಗೆ ಕೂತವನು ನೀನೇ, ಗಂಡಸು ಅಂತ ಇದ್ದವನೂ ನೀನೊಬ್ಬನೇ. ಯಾರೂ ಬಂದಿರಲಿಲ್ಲ ತಾನೆ? ಬಂದಿದ್ದರೆ ನೀನು ನನಗೆ ಹೇಳದೆ ಇರುತ್ತಿದ್ದೆಯಾ?

ನಾವು ಕ್ಷೇಮ. ನನಗೆ ಗಾಬರಿಯೂ ಆಗುತ್ತಿಲ್ಲ, ಅದೇ ಸೋಜಿಗ. ಬೇಗ ಬರೆ.

ಅತ್ತಿಗೆ

* * *

ಕೋಟ
20 ನವೆಂಬರ್ 2024

ಅತ್ತಿಗೆಯವರ ಪಾದಗಳಿಗೆ ಮುರಳೀಧರನ ನಮಸ್ಕಾರ.

ನಿಮ್ಮ ಕಾಗದ ಓದಿದೆ. ಸಾಲಿಗ್ರಾಮದಲ್ಲಿ ಒಂದು ಉಪನಯನದ ಅಡುಗೆ ಒಪ್ಪಿಕೊಂಡಿದ್ದೆ. ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆನಂತೆ. ನಲವತ್ತು ವರ್ಷದಲ್ಲಿ ನನ್ನ ಅಡುಗೆಗೆ ಯಾರೂ ಕೊಂಕು ಮಾತಾಡಿದ್ದಿಲ್ಲ, ಮೊನ್ನೆ ಆಡಿಸಿಕೊಂಡೆ. ಎಂತ ಕಾಲ ಬಂತು ಮಾರಾಯ್ರೆ!

ಅಣ್ಣ ಕಟ್ಟಿದ ಹೋಟೆಲು. ಅಮ್ಮ ಊರು ಬಿಟ್ಟು ಅಲ್ಲೇ ಇರುತ್ತೇನೆಂದು ಹಟ ಹಿಡಿದು, ಹಿಂದಿಯ ಒಂದಕ್ಷರ ಬಾರದೆ ಹದಿನೇಳು ವರ್ಷ ತರಕಾರಿಯವನ ಹತ್ತಿರ ಕನ್ನಡದಲ್ಲೇ ಚೌಕಾಶಿ ಮಾಡಿದ ಜಾಗ. ಅದನ್ನು ಅವನ್ಯಾರೋ ಪುಟಗೋಸಿ ಬಂದು ಬಿಡಿಸಿಕೊಳ್ಳುತ್ತಾನೆಂದರೆ!

ನೀವು ಕೇಳಿದ್ದಕ್ಕೆ ಉತ್ತರ. ಹನ್ನೆರಡು ದಿನವೂ ನಾನು ಅಲ್ಲಿಂದ ಅಲ್ಲಾಡಲಿಲ್ಲ. ಬೆಳಿಗ್ಗೆ ತಾರಸಿಯ ಮೇಲೆ ಪಿಂಡ, ಆಮೇಲೆ ಕೆಳಗೆ, ಅರ್ಧ ಎಳೆದ ಶಟರಿನ ಒಳಗೆ ಚಾಪೆ ಹಾಸಿ ಕೂರುತ್ತಿದ್ದೆ. ನಿಮಗೇ ಗೊತ್ತು, ಸೂತಕದಲ್ಲಿ ಯಾರೂ ಒಳಗೆ ಬರಬಾರದೆಂದು ನಾನೇ ಕಾವಲು ಇದ್ದದ್ದು. ಮುನಿರ್ಕಾದಿಂದ ಬರುವ ಪುರೋಹಿತರು, ಹಾಲಿನವನು, ಇಬ್ಬರನ್ನು ಬಿಟ್ಟರೆ ಯಾರೂ ಬಂದಿರಲಿಲ್ಲ.

ಆ ಅಮೀನ ಮನೆಯಲ್ಲಿ ಕೂತು ಬರೆದಿರಬೇಕು. ದೆಹಲಿಯಲ್ಲಿ ಏನು ಬೇಕಾದರೂ ಆಗುತ್ತದೆ. ನೀವು ಧೈರ್ಯದಿಂದಿರಿ. ಸತ್ಯ ನಮ್ಮ ಕಡೆ ಇದೆ.

ನಿಮ್ಮ ಮೈದುನ
ಮುರಳೀಧರ

* * *

ಪೀತಮ್‌ಪುರ
27 ನವೆಂಬರ್ 2024

ಮುರಳಿ,

ನಿನ್ನ ಕಾಗದವನ್ನು ಪ್ರಜ್ಞಾ ವಕೀಲರಿಗೆ ಹಿಂದಿಯಲ್ಲಿ ಓದಿ ಹೇಳಿದಳು. ಅವಳ ಕನ್ನಡ ನಿನಗೆ ಗೊತ್ತಲ್ಲ, 'ಪುಟಗೋಸಿ' ಬಂದಾಗ ಸಿಕ್ಕಿಹಾಕಿಕೊಂಡು, "ಮಮ್ಮಾ, ಇದು ಲೀಗಲ್ ವರ್ಡಾ?" ಅಂದಳು. ವಕೀಲರಿಗೆ ನಗು. ನನಗೂ ನಗು ಬರಬೇಕಿತ್ತು.

ಅವರಿಗೆ ಬಹಳ ಸಂತೋಷವಾಗಿದೆ. "ಯಾರೂ ಬಂದಿರಲಿಲ್ಲ, ಇಷ್ಟೇ ಸಾಕು, ಬಸ್" ಅಂದರು. ಇದರೊಂದಿಗೆ ಅಫಿಡವಿಟ್ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿದೆ. ಸಾರಾಂಶ ಹೀಗೆ: ನೀನು ಮುರಳೀಧರ, ನನ್ನ ಗಂಡನ ತಮ್ಮ. ಫೆಬ್ರವರಿ 8ರಿಂದ 20ರವರೆಗೆ ಇಲ್ಲಿ ತಾಯಿಯ ಕ್ರಿಯೆಗೆ ಕೂತಿದ್ದೆ, ಹಗಲೆಲ್ಲ ಬಾಗಿಲಲ್ಲೇ ಇದ್ದೆ, ಕೋರ್ಟಿನವರು ಯಾರೂ ಬಂದಿಲ್ಲ, ಯಾವ ಕಾಗದವನ್ನೂ ತೋರಿಸಿಲ್ಲ, ನೀನು ಯಾವುದನ್ನೂ ನಿರಾಕರಿಸಿಲ್ಲ. ಕುಂದಾಪುರದಲ್ಲಿ ನೋಟರಿಯ ಎದುರು ಸಹಿ ಮಾಡಿ ಕೂಡಲೇ ಕಳಿಸು. ಡಿಸೆಂಬರ್ 13 ಕೊನೆಯ ದಿನ.

ಇನ್ನೊಂದು. ಶಟರಿನ ಮೇಲೆ ಏನಾದರೂ ಅಂಟಿಸಿದ್ದು ನೋಡಿದ ನೆನಪಿದೆಯಾ? ವಕೀಲರು ಕೇಳಿದರು. ನನಗೆ ನೆನಪಿಲ್ಲ ಅಂದೆ. ಕೋಚಿಂಗ್ ಕ್ಲಾಸಿನವರು, ಮನೆ ಸಾಮಾನು ಸಾಗಿಸುವವರು ದಿನಾ ಏನಾದರೂ ಮೆತ್ತಿ ಹೋಗುತ್ತಾರೆ, ಯಾರು ನೋಡುತ್ತಾರೆ.

ನಾನು ದಿನಾ ಗಲ್ಲಾದ ಹತ್ತಿರ ಕೂರುತ್ತೇನೆ. ಗಿರಾಕಿಗಳು ಬರುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ. ದೋಸೆಕಲ್ಲಿನ ಮುಂದೆ ನಮ್ಮ ಸೂರ್ಯನಾರಾಯಣ. ಅವನಿಗೆ ಮಾತ್ರ ವಿಷಯ ಹೇಳಿದ್ದೇನೆ. ಇಪ್ಪತ್ತಾರು ವರ್ಷ ಇಲ್ಲೇ ಇದ್ದವನು. ಕೇಳಿ, "ಅಮ್ಮಾ, ನಾಳೆಗೆ ಅಕ್ಕಿ ಎಷ್ಟು ನೆನೆಸಲಿ?" ಅಂದ. ಯಾವಾಗಿನಷ್ಟೇ ನೆನೆಸು ಅಂದೆ.

ಅತ್ತಿಗೆ

* * *

ಕೋಟ
4 ಡಿಸೆಂಬರ್ 2024

ಅತ್ತಿಗೆಗೆ ನಮಸ್ಕಾರ.

ಅಫಿಡವಿಟ್ ಸಹಿ ಮಾಡಿ ಇದರೊಳಗೆ ಇಟ್ಟಿದ್ದೇನೆ. ಮೂರು ಕಡೆ ಸಹಿ, ಒಂದು ಕಡೆ ಹೆಬ್ಬೆಟ್ಟು. ನೋಟರಿ ಹುಡುಗಿ, ನಮ್ಮ ಪ್ರಜ್ಞಾಳ ವಯಸ್ಸಿನವಳು, ಕನ್ನಡದಲ್ಲಿ ಅರ್ಥ ಹೇಳಿ, "ಇದೆಲ್ಲ ನಿಜವಾ ಅಜ್ಜ?" ಅಂತ ಕೇಳಿದಳು. ತಲೆ ಆಡಿಸಿದೆ. "ಬಾಯಲ್ಲಿ ಹೇಳಿ" ಅಂದಳು. ಹೇಳಿದೆ. ನನಗೆ ಅರವತ್ತೆರಡು, ಅಜ್ಜ ಅನ್ನಿಸಿಕೊಳ್ಳುವಷ್ಟು ಮುದುಕನಾಗಿದ್ದೇನಾ ಅಂತ ಬಸ್ಸಿನಲ್ಲಿ ಅದೇ ಯೋಚನೆ.

ಶಟರಿನ ಮೇಲೆ ನಾನು ಏನೂ ನೋಡಲಿಲ್ಲ. ನಾನು ಒಳಗೆ ಕೂತವನು, ಹೊರಗಿನ ಮುಖ ಕಾಣುವುದಿಲ್ಲ. ಇದು ದೇವರಾಣೆಗೂ ನಿಜ.

ಸುಮ್ಮನೆ ಒಂದು ಮಾತು ಕೇಳುತ್ತೇನೆ, ಬೇರೆ ಅರ್ಥ ಮಾಡಿಕೊಳ್ಳಬೇಡಿ. ಒಂದು ಮನೆಗೆ ಕೋರ್ಟಿನವನು ಬಂದ ಅಂತ ಇಟ್ಟುಕೊಳ್ಳಿ. ಆ ಮನೆಯವರು ಜಗಳ ಮಾಡದೆ, ಮರ್ಯಾದೆಯಿಂದಲೇ, 'ಈಗ ಆಗುವುದಿಲ್ಲ, ನಾಲ್ಕು ದಿನ ಬಿಟ್ಟು ಬನ್ನಿ' ಅಂದರೆ ಕಾನೂನಿನಲ್ಲಿ ಅದಕ್ಕೇನು ಹೇಳುತ್ತಾರೆ? ವಕೀಲರು ಪುರುಸೊತ್ತಿನಲ್ಲಿದ್ದಾಗ ಕೇಳಿ. ಇಲ್ಲಿ ನಮ್ಮ ಪರಿಚಯದವರೊಬ್ಬರಿಗೆ ಹೀಗಾಗಿದೆಯಂತೆ.

ಚಳಿ ಶುರುವಾಗಿರಬೇಕು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ.

ಮುರಳೀಧರ

* * *

ಪೀತಮ್‌ಪುರ
6 ಜನವರಿ 2025

ಮುರಳಿ,

ಅರ್ಜಿ ಡಿಸೆಂಬರ್ ಒಂಬತ್ತಕ್ಕೆ ದಾಖಲಾಯಿತು. ತೀರ್ಪಿನ ಜಾರಿಗೆ ಸದ್ಯ ತಡೆ ಸಿಕ್ಕಿದೆ. ಬರೆಯಲು ತಡವಾಯಿತು. ಇಲ್ಲಿ ಮಂಜು, ಹೊಗೆ, ಎದುರಿನ ಕಟ್ಟಡ ಕಾಣುವುದಿಲ್ಲ. ಪ್ರಜ್ಞಾ ಗುರುಗ್ರಾಮಕ್ಕೆ ಹೋಗಿ ಬರುವಷ್ಟರಲ್ಲಿ ಕೆಮ್ಮಿ ಕೆಮ್ಮಿ ಸಾಯುತ್ತಾಳೆ.

ನಿನ್ನ ಪರಿಚಯದವರ ಪ್ರಶ್ನೆಯನ್ನು ಕೇಳಿದೆ. ವಕೀಲರು ಫೋನಿನಲ್ಲಿ ಇನ್ನೊಬ್ಬರ ಜೊತೆ ಮಾತಾಡುತ್ತಲೇ, "ಮೇಡಂ, ಬೇಡ ಅಂದರೂ ಒಂದೇ, ಕೈಗೆ ತಗೊಂಡರೂ ಒಂದೇ. ಅವರು ಸೋತ ಹಾಗೇ" ಅಂದರು. ಪಾಪ, ಅವರಿಗೆ ಹೇಳು. ನಮ್ಮ ಕೇಸಿನಲ್ಲಿ ಹಾಗೇನೂ ಆಗದೇ ಇದ್ದದ್ದು ನಮ್ಮ ಪುಣ್ಯ.

ಮಾರ್ಚ್ 24ಕ್ಕೆ ವಿಚಾರಣೆ. ಆ ಅಮೀನನನ್ನು ಕರೆಸುತ್ತಾರಂತೆ. ನಿನ್ನನ್ನೂ ಎದುರಿನ ವಕೀಲರು ಪ್ರಶ್ನೆ ಕೇಳುತ್ತಾರೆ, ಬರಬೇಕು. ಮಂಗಳಾ ಎಕ್ಸ್‌ಪ್ರೆಸ್ಸಿಗೆ ಪ್ರಜ್ಞಾ ಟಿಕೆಟ್ ಮಾಡುತ್ತಾಳೆ, ಕೆಳಗಿನ ಬರ್ತೇ ಸಿಗುವ ಹಾಗೆ. "ಚಿಕ್ಕಪ್ಪ ಬರ್ತಾರಲ್ಲ, ಪಕ್ಕಾ?" ಅಂತ ಮೂರು ಸಲ ಕೇಳಿದಳು. ಅವಳಿಗೆ ಹೆದರಿಕೆ ಇದೆ. ರೂಮಿನ ಬಾಗಿಲು ಹಾಕಿಕೊಂಡು ಅಳುತ್ತಾಳೆ. ನಾನು ಹೊರಗೆ ನಿಂತಿರುತ್ತೇನೆ, ಒಳಗೆ ಹೋಗುವುದಿಲ್ಲ. ಹೋದರೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಅತ್ತಿಗೆ

* * *

ಕೋಟ
21 ಜನವರಿ 2025

ಅತ್ತಿಗೆಗೆ ನಮಸ್ಕಾರ.

ಕಾಗದ ತಲುಪಿತು. ಪರಿಚಯದವರಿಗೆ ತಿಳಿಸಿದೆ.

ಸೊಂಟ ಹಿಡಿದುಕೊಂಡಿದೆ. ಡಾಕ್ಟರು ಎರಡು ದಿನದ ರೈಲು ಪ್ರಯಾಣ ಕೂಡದು ಅಂದಿದ್ದಾರೆ. ಟಿಕೆಟ್ ಮಾಡಬೇಡಿ. ಅಫಿಡವಿಟ್ ಇದೆಯಲ್ಲ, ಅದರಲ್ಲಿ ಎಲ್ಲವೂ ಇದೆ. ಡಾಕ್ಟರ ಚೀಟಿ ಬೇಕಾದರೆ ಕಳಿಸುತ್ತೇನೆ.

ದೇವಸ್ಥಾನದಲ್ಲಿ ನಿಮ್ಮ ಹೆಸರಿನಲ್ಲಿ ಪೂಜೆಗೆ ಹೇಳಿದ್ದೇನೆ. ಪ್ರಸಾದ ಇಟ್ಟಿದ್ದೇನೆ, ಹಣೆಗೆ ಹಚ್ಚಿಕೊಳ್ಳಿ.

ಮುರಳೀಧರ

* * *

ಪೀತಮ್‌ಪುರ
26 ಮಾರ್ಚ್ 2025

ಮುರಳಿ,

ಮೊನ್ನೆ ವಿಚಾರಣೆ ಆಯಿತು. ಅರ್ಜಿ ವಜಾ ಆಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಮೀನ ಬಂದಿದ್ದ. ನವೆಂಬರಿನಲ್ಲಿ ಕಾಫಿ ಕುಡಿದು ಹೋದವನಲ್ಲ, ಬೇರೆಯವನು, ವಯಸ್ಸಾದವನು, ಕನ್ನಡಕ. ನಮ್ಮ ವಕೀಲರು ಅವನಿಗೆ, "ನೀನು ಅಲ್ಲಿಗೆ ಹೋಗಲೇ ಇಲ್ಲ, ಸುಳ್ಳು ವರದಿ ಬರೆದೆ" ಅಂದರು. ಅವನಿಗೆ ಸಿಟ್ಟು ಬರಲಿಲ್ಲ. "ಹೋಗಿದ್ದೆ ಜನಾಬ್. ಶಟರ್ ಅರ್ಧ ಇಳಿದಿತ್ತು. ತಲೆ ಬೋಳಿಸಿಕೊಂಡವರೊಬ್ಬರು ಹೊರಗೆ ಬಂದರು. ಒದ್ದೆ ಪಂಚೆ ಉಟ್ಟಿದ್ದರು, ಬೆರಳಿನಲ್ಲಿ ಹುಲ್ಲಿನ ಉಂಗುರ ಇತ್ತು. ಕಾಗದ ಚಾಚಿದರೆ ಎರಡು ಹೆಜ್ಜೆ ಹಿಂದೆ ಹೋದರು. ಕೈ ಮುಗಿದು, 'ಸೂತಕ್ ಹೈ, ಛೂನಾ ಮನಾ ಹೈ, ತೇರಹ್ವೀ ಕೇ ಬಾದ್ ಆನಾ', ಸೂತಕ, ಮುಟ್ಟುವ ಹಾಗಿಲ್ಲ, ಹದಿಮೂರನೇ ದಿನ ಕಳೆದ ಮೇಲೆ ಬಾ, ಅಂದರು. ಮುಟ್ಟುವುದಿಲ್ಲ ಅಂದಮೇಲೆ ನಾನೇನು ಮಾಡಲಿ? ನಿರಾಕರಿಸಿದರು ಅಂತ ಬರೆದು, ಒಂದು ಪ್ರತಿ ಶಟರಿಗೆ ಅಂಟಿಸಿ ಬಂದೆ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಬೈದು ಕಳಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ಕೈ ಮುಗಿದು ಕಳಿಸಿದವರು ಅವರೊಬ್ಬರೇ, ಅದಕ್ಕೇ ಮರೆತಿಲ್ಲ" ಅಂದ.

ಹುಲ್ಲಿನ ಉಂಗುರ ಅಂತ ಮನೆಯಲ್ಲಿ ಕೂತು ಯಾರೂ ಬರೆಯುವುದಿಲ್ಲ ಮುರಳಿ. ನಿನ್ನ ಕೈಯ ದರ್ಭೆಯ ಪವಿತ್ರ ಅದು. ವಕೀಲರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಗಡಿಯಾರ ನೋಡಿದೆ.

ನನ್ನನ್ನೂ ಕಟಕಟೆಗೆ ಕರೆದರು. ಶಟರಿನ ಮೇಲೆ ಅಂಟಿಸಿದ್ದು ನೋಡಿದಿರಾ ಎಂದು ಪ್ರಮಾಣ ಮಾಡಿಸಿ ಕೇಳಿದರು. ಇಲ್ಲ ಅಂದೆ.

ಜಡ್ಜ್ ಹೆಂಗಸು. ನಿಧಾನವಾಗಿ, ನನಗೆ ಅರ್ಥವಾಗಲೆಂದು ಹಿಂದಿಯಲ್ಲಿ ಹೇಳಿದರು. ಆ ಮನುಷ್ಯ ಕ್ರಿಯೆಗೆಂದು ಊರಿನಿಂದ ಬಂದ ನೆಂಟ. ನಿಮ್ಮ ಜೊತೆ ಅಲ್ಲಿ ವಾಸ ಮಾಡುವವನಲ್ಲ. ಅವನು ತಿರುಗಿಸಿ ಕಳಿಸಿದರೆ ಅದು ನೀವು ನಿರಾಕರಿಸಿದಂತೆ ಆಗುತ್ತಿರಲಿಲ್ಲ. ಸೂತಕದ ಮನೆ, ಹೀಗಾಯಿತು ಅಂತ ನಿಜವನ್ನೇ ಹೇಳಿಕೊಂಡು ಬಂದಿದ್ದರೆ ನಾನು ಯೋಚಿಸುತ್ತಿದ್ದೆ. ನೀವು ಯಾರೂ ಬರಲೇ ಇಲ್ಲ ಅಂದಿರಿ. ಪ್ರಮಾಣ ಮಾಡಿದವನು ಪ್ರಶ್ನೆಗೆ ಸಿಗಲಿಲ್ಲ. ಸುಳ್ಳು ಹಿಡಿದುಕೊಂಡು ಬಂದವರಿಗೆ ನಾನು ಏನು ಕೊಡಲಿ? ಅಂದರು.

ಹೊರಗೆ ಬಂದಾಗ ಪ್ರಜ್ಞಾ, "ಚಿಕ್ಕಪ್ಪನೇ ಯಾಕೆ? ವೈ ವುಡ್ ಹೀ ಲೈ?" ಅಂತ ಪಾರ್ಕಿಂಗಿನಲ್ಲಿ ನಿಂತು ಕೂಗಾಡಿದಳು. ಮೇಲ್ಮನವಿಗೆ ಮೂವತ್ತು ದಿನ ಇದೆಯಂತೆ.

ನಾನು ನಿನ್ನನ್ನು ಯಾಕೆ ಅಂತ ಕೇಳುವುದಿಲ್ಲ. ಕೇಳಬೇಕೆಂದು ಅನ್ನಿಸುತ್ತಲೂ ಇಲ್ಲ.

ಸ್ನೇಹಲತಾ

* * *

ಕೋಟ
5 ಏಪ್ರಿಲ್ 2025

ಅತ್ತಿಗೆ,

ನೀವು ಕೆಳಗೆ 'ಅತ್ತಿಗೆ' ಎಂದು ಬರೆಯದೆ ಹೆಸರು ಬರೆದಿರಿ. ಅಷ್ಟು ಸಾಕು ನನಗೆ.

ಅವನು ಬಂದಿದ್ದ. ಅವನು ಹೇಳಿದ ಒಂದಕ್ಷರವೂ ಸುಳ್ಳಲ್ಲ. ತಾರಸಿಯಲ್ಲಿ ಪಿಂಡ ಇಟ್ಟು, ಕಾಗೆ ಮುಟ್ಟುವುದನ್ನು ಕಾದು ಕಾದು, ಅದು ಮುಟ್ಟದೆ, ಅಳುತ್ತಾ ಕೆಳಗೆ ಇಳಿದಿದ್ದೆ. ಅಮ್ಮನಿಗೆ ನನ್ನ ಮೇಲೆ ಏನೋ ಬೇಸರ ಇರಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇವನು ಶಟರಿನ ಕೆಳಗೆ ಬಗ್ಗಿ ಕೂಗಿದ. ಹೊರಗೆ ಬಂದೆ. ಕಾಗದ ಚಾಚಿದ. ಪವಿತ್ರ ಇನ್ನೂ ಬೆರಳಲ್ಲೇ ಇತ್ತು. ಕ್ರಿಯೆಗೆ ಕೂತವನು ಹೊರಗಿನವರ ಕೈಯಿಂದ ಏನನ್ನಾದರೂ ತೆಗೆದುಕೊಂಡರೆ ಅಷ್ಟು ದಿನದ ಕರ್ಮ ಹಾಳು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದು. ಕಾಗೆ ಬೇರೆ ಮುಟ್ಟಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಹದಿಮೂರನೇ ದಿನ ಕಳೆದ ಮೇಲೆ ಬಾ ಅಂದೆ. ಬರುತ್ತಾನೆ ಅಂತಲೇ ಎಣಿಸಿದ್ದೆ. ಏನು ಕಾಗದ ಅಂತಲೂ ಕೇಳಲಿಲ್ಲ. ಶುದ್ಧದ ದಿನದ ಅಡುಗೆ ಗಡಿಬಿಡಿಯಲ್ಲಿ ಮರೆತೇಹೋಯಿತು.

ನಿಮ್ಮ ಮೊದಲ ಕಾಗದ ಓದಿದ ಕೂಡಲೇ ನೆನಪಾಯಿತು. ನೀವು 'ಯಾರೂ ಬಂದಿರಲಿಲ್ಲ ತಾನೆ' ಅಂತ ಕೇಳಿದ್ದಿರಿ. ನಿಮಗೆ ಬೇಕಾದ ಉತ್ತರ ಅದು ಅಂತ ತಿಳಿದುಕೊಂಡೆ. ನಿಜ ಹೇಳಿದರೆ ಹೋಟೆಲು ನನ್ನಿಂದಲೇ ಹೋಯಿತು ಅಂತಾಗುತ್ತದೆ, ಸುಳ್ಳು ಹೇಳಿದರೆ ಉಳಿದರೂ ಉಳಿಯಬಹುದು ಅಂತ ಲೆಕ್ಕ ಹಾಕಿದೆ. ಹೇಡಿ ನಾನು. ಸೊಂಟ ಚೆನ್ನಾಗಿಯೇ ಇದೆ. ಪರಿಚಯದವರೂ ಯಾರೂ ಇಲ್ಲ.

ಇಲ್ಲಿ ಒಬ್ಬ ವಕೀಲರ ಹತ್ತಿರ ಹೋಗಿ ಎಲ್ಲ ಹೇಳಿದೆ. ಮೇಲಿನ ಕೋರ್ಟಿನಲ್ಲಿ ನಾನೇ ನಿಂತು, ತಪ್ಪು ನನ್ನದು, ಸೂತಕದ ಭಯಕ್ಕೆ ಕಳಿಸಿದೆ, ಆಮೇಲೆ ಹೆದರಿ ಸುಳ್ಳು ಪ್ರಮಾಣ ಮಾಡಿದೆ, ಅತ್ತಿಗೆಗೆ ಏನೂ ಗೊತ್ತಿರಲಿಲ್ಲ ಅಂದರೆ ನಿಮಗೆ ದಾರಿ ಇದೆಯಂತೆ. ನನಗೆ ಸುಳ್ಳು ಪ್ರಮಾಣದ ಶಿಕ್ಷೆ ಆಗಬಹುದು. ಆಗಲಿ. ಜೈಲಿನಲ್ಲೂ ಅಡುಗೆಯವರು ಬೇಕಾಗುತ್ತಾರೆ. ಇಪ್ಪತ್ತನೇ ತಾರೀಕಿನ ಟಿಕೆಟ್ ಮಾಡಿಸಿದ್ದೇನೆ.

ನೀವು ಬೈದು ಬರೆಯಿರಿ. ಬೈಯದಿದ್ದರೆ ತಡೆಯಲಾಗುವುದಿಲ್ಲ.

ಮುರಳಿ

* * *

ಪೀತಮ್‌ಪುರ
6 ಏಪ್ರಿಲ್ 2025

ಮುರಳಿ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಬರುವ ಮೊದಲೇ ಇದನ್ನು ಬರೆಯಬೇಕು. ನೀನು ಕಾಲಿಗೆ ಬೀಳುವ ಹಾಗೆ ಏನಾದರೂ ಬರೆದಿರುತ್ತೀ, ಅದನ್ನು ಓದಿದ ಮೇಲೆ ನನಗೆ ಬರೆಯಲು ಮುಖ ಇರುವುದಿಲ್ಲ.

ಹದಿಮೂರನೇ ದಿನ ಬೆಳಿಗ್ಗೆ ಮನೆ ಶುದ್ಧ ಮಾಡುವಾಗ ಶಟರಿನ ಹೊರಗಡೆ ತೊಳೆದವಳು ನಾನು. ನಲವತ್ತು ಎಲೆ ಊಟ ಇತ್ತು. ಕೋಚಿಂಗ್ ಕ್ಲಾಸಿನ ಚೀಟಿಗಳ ನಡುವೆ ಒಂದು ಕಾಗದ ಇತ್ತು. ಕೋರ್ಟಿನ ಮೊಹರು ಇತ್ತು. ಹಿಂದಿಯಲ್ಲಿ ನನ್ನ ಹೆಸರಿತ್ತು. ನನಗೆ ಹಿಂದಿ ಓದಲು ಬರುತ್ತದೆ ಮುರಳಿ, ಇಪ್ಪತ್ತೇಳು ವರ್ಷವಾಯಿತು ಇಲ್ಲಿಗೆ ಬಂದು. ಓದಿದೆ. ತಾರೀಕು ಕೂಡ ಓದಿದೆ. ಸೂತಕದ ದಿನ ಬಂದದ್ದು, ಇವತ್ತು ಮನೆಯೊಳಗೆ ತರುವುದು ಬೇಡ ಅನ್ನಿಸಿತು. ಕಿತ್ತು ಎಲ್ಲಿಡಲಿ? ಪುರೋಹಿತರು ಒಳಗಿನಿಂದ ನೀರು ತನ್ನಿ ಅಂತ ಕೂಗುತ್ತಿದ್ದರು. ಒಂದು ಬಕೆಟ್ ನೀರು ಹೊಯ್ದು ಕಡ್ಡಿಬರಲಿನಲ್ಲಿ ಉಜ್ಜಿಬಿಟ್ಟೆ. ಮುಖ್ಯವಾದದ್ದಾದರೆ ಮತ್ತೆ ಬರುತ್ತಾರೆ ಅಂದುಕೊಂಡೆ.

ಮಾರನೇ ದಿನ ನೆನಪಾಯಿತು. ಒಂದು ವಾರ ನೆನಪಾಗುತ್ತಿತ್ತು. ಯಾರೂ ಬರಲಿಲ್ಲ, ನಾನೂ ವಿಚಾರಿಸಲಿಲ್ಲ. ಹೆದರಿಕೆ ಇತ್ತು, ಆಮೇಲೆ ಅದೂ ಹೋಯಿತು.

ನವೆಂಬರಿನಲ್ಲಿ ನಿನಗೆ ಬರೆಯುವಾಗ, ನಿನ್ನಿಂದ 'ಇಲ್ಲ' ಅನ್ನಿಸಬೇಕೆಂದೇ ಬರೆದೆ. ನಿನ್ನ ಪರಿಚಯದವರ ಕಥೆ ನಿನ್ನದೇ ಅಂತ ಓದಿದ ಕೂಡಲೇ ಗೊತ್ತಾಗಿತ್ತು. ನೀನು ಬಾಯಿಬಿಡಬಾರದು ಅಂತಲೇ 'ನಮ್ಮ ಪುಣ್ಯ' ಅಂತ ಬರೆದೆ. ಕಟಕಟೆಯಲ್ಲಿ ನಾನು ಹೇಳಿದ್ದು ನೀನು ಹೇಳಿದ್ದಕ್ಕಿಂತ ದೊಡ್ಡ ಸುಳ್ಳು. ಇಲ್ಲಿ ಪ್ರಜ್ಞಾ, ವಕೀಲರು ಎಲ್ಲರೂ ನಿನ್ನನ್ನು ಬೈಯುತ್ತಿದ್ದಾರೆ. ನಾನು ಕೇಳಿಸಿಕೊಂಡು ಸುಮ್ಮನಿದ್ದೇನೆ.

ಅತ್ತಿಗೆ

* * *

ಕೋಟ
12 ಏಪ್ರಿಲ್ 2025

ಅತ್ತಿಗೆ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋಗಿವೆ. ನಿಮ್ಮದನ್ನು ಓದಿ, ಒಲೆಗೆ ಹಾಕಿದೆ. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಈಗ ನನ್ನ ಮಾತು ಕೇಳಿ. ನನ್ನ ನಿಜ ಹೇಳಿದರೆ ನಿಮಗೆ ಲಾಭ. ನಿಮ್ಮ ನಿಜ ಹೇಳಿದರೆ ಎಲ್ಲ ಮುಳುಗಿತು, ಗೊತ್ತಿದ್ದೂ ಬರಲಿಲ್ಲ ಅಂತಾಗುತ್ತದೆ. ಹಾಗಾಗಿ ನಾನು ನನ್ನದನ್ನು ಹೇಳುತ್ತೇನೆ, ನೀವು ನಿಮ್ಮದನ್ನು ನುಂಗಿಕೊಳ್ಳಿ. ಬಕೆಟ್ ನೀರಿನ ಸುದ್ದಿ ನಮ್ಮಿಬ್ಬರಲ್ಲೇ ಇರಲಿ. ಅವರ ವಾದ ಸುಳ್ಳೇ ಹೊರತು ನಮ್ಮ ಕರಾರಲ್ಲ. ನ್ಯಾಯ ನಮ್ಮದೇ. ಅದು ಸಿಗಬೇಕಾದರೆ ಒಂದು ಮಾತು ಮುಚ್ಚಿಟ್ಟರೆ ಪಾಪ ತಟ್ಟುವುದಿಲ್ಲ.

ಇಪ್ಪತ್ತಕ್ಕೆ ಹೊರಡುತ್ತೇನೆ. ಇಪ್ಪತ್ತೆರಡಕ್ಕೆ ನಿಜಾಮುದ್ದೀನ್. ಅಷ್ಟರವರೆಗೆ ಯಾವ ವಕೀಲರ ಹತ್ತಿರವೂ ಬಾಯಿ ಬಿಡಬೇಡಿ. ನಿಮಗೆ ಕೈ ಮುಗಿಯುತ್ತೇನೆ.

ಮುರಳಿ

* * *

ಪೀತಮ್‌ಪುರ
17 ಏಪ್ರಿಲ್ 2025

ಮುರಳಿ,

ಟಿಕೆಟ್ ರದ್ದು ಮಾಡು. ಫೋನಿನಲ್ಲೂ ನಿನ್ನ ಮಗನಿಗೆ ಹೇಳಿದ್ದೇನೆ. ಕಾರಣ ಅವನಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ.

ಸೋಮವಾರ ನಿನ್ನ ಐದನೇ ತಾರೀಕಿನ ಕಾಗದ ಹಿಡಿದುಕೊಂಡು ವಕೀಲರ ಹತ್ತಿರ ಹೋದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಮೇಡಂ, ಇದು ಬದಲಾಯಿಸಿಬಿಡುತ್ತೆ! ಬಾಡಿಗೆಗೆ ಇರುವವರಿಗೆ ಏನೂ ಗೊತ್ತಿಲ್ಲ, ನೆಂಟ ತಪ್ಪು ಮಾಡಿದ, ಒಪ್ಪಿಕೊಂಡ" ಅಂತ ಆಗಲೇ ಬರೆದುಕೊಳ್ಳಲು ಶುರು ಮಾಡಿದರು. ನಾನು ಶಟರಿನ ವಿಷಯ ಹೇಳಿದೆ. ಪೆನ್ನು ನಿಲ್ಲಿಸಿದರು. ಪ್ರಜ್ಞಾ ಪಕ್ಕದಲ್ಲೇ ಕೂತಿದ್ದಳು. ವಕೀಲರು ಅವಳನ್ನು ನೋಡಿ, ಬಾಗಿಲನ್ನು ನೋಡಿ, ಮೆಲ್ಲಗೆ, "ಯೇ ಆಪ್‌ನೇ ಮುಝೇ ನಹೀ ಬತಾಯಾ" ಅಂದರು. ಇದನ್ನು ನೀವು ನನಗೆ ಹೇಳೇ ಇಲ್ಲ, ಅಂತ. "ಬತಾಯಾ" ಅಂದೆ. ಹೇಳಿದ್ದೇನೆ.

ನೀನು ಜೈಲಿಗೆ ಹೋಗಿ, ನಾನು ಗಲ್ಲಾದಲ್ಲಿ ಕೂತು, ಇನ್ನೊಂದು ಸಲ ಇಲ್ಲ ಅಂತ ಪ್ರಮಾಣ ಮಾಡಿ ಉಳಿಸಿಕೊಂಡ ಜಾಗದಲ್ಲಿ ನನಗೆ ಒಂದು ಲೋಟ ನೀರೂ ಇಳಿಯುವುದಿಲ್ಲ. ಮೇಲ್ಮನವಿ ಬೇಡ ಅಂದುಬಿಟ್ಟೆ. ದೊಡ್ಡತನದ ಮಾತಲ್ಲ ಇದು. ಕೈಲಾಗುವುದಿಲ್ಲ, ಅಷ್ಟೇ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು ಅಂತ ತೋರಿಸಿಕೊಂಡೆ, ಅದಕ್ಕೆ ನಾಚಿಕೆಯಾಗುತ್ತದೆ.

ಪ್ರಜ್ಞಾ ಎರಡು ದಿನ ಮಾತಾಡಲಿಲ್ಲ. ನಿನ್ನೆ ತಾನಾಗಿಯೇ ಘಾಜಿಯಾಬಾದಿನಲ್ಲಿ ಒಂದು ಫ್ಲ್ಯಾಟ್ ನೋಡಿ ಬಂದಳು. "ಮೆಟ್ರೋ ಹತ್ತಿರ ಇದೆ ಮಮ್ಮಾ, ಕಿಚನ್ ಚಿಕ್ಕದು" ಅಂದಳು. ಸೂರ್ಯನಾರಾಯಣನಿಗೆ ಮುನಿರ್ಕಾದಲ್ಲಿ ಕೆಲಸ ಸಿಕ್ಕಿದೆ, ಹುಡುಗರು ಓದುವ ಕಡೆ ದೋಸೆಗೆ ಗಿರಾಕಿ ಜಾಸ್ತಿಯಂತೆ.

ಕೋರ್ಟಿನ ತಡೆ ತೆರವಾಗಿತ್ತು, ಇವತ್ತು ಬೆಳಿಗ್ಗೆ ಅಮೀನ ಬಂದ. ಶಟರಿಗೆ ಕಾಗದ ಅಂಟಿಸಿದ್ದ ಅದೇ ವಯಸ್ಸಾದವನು. ಮಾಲೀಕರ ಮಗ ಕಾರಿನಿಂದ ಇಳಿಯಲಿಲ್ಲ. ಪಾತ್ರೆ, ಕಲ್ಲು, ಗ್ರೈಂಡರ್ ಎಲ್ಲ ನಿನ್ನೆ ರಾತ್ರಿಯೇ ಘಾಜಿಯಾಬಾದಿಗೆ ಸಾಗಿಸಿದ್ದೆವು. ದಿನಾ ಬರುವ ಬ್ಯಾಂಕಿನ ಯಜಮಾನರೊಬ್ಬರು ಬಂದು, "ಇವತ್ತು ಇಡ್ಲಿ ಇಲ್ಲವಾ?" ಅಂದರು. ಇಲ್ಲ ಅಂದೆ. ಅಮೀನ ಕೀಲಿ ಎಣಿಸಿ ತೆಗೆದುಕೊಂಡ, ಒಂದು ನಮೂನೆ ತೆಗೆದು ನನ್ನ ಮುಂದೆ ಇಟ್ಟ. ಕೊನೆಯಲ್ಲಿ ಒಂದು ಕಲಂ ಖಾಲಿ ಇತ್ತು. ಬೆರಳಿಟ್ಟು ತೋರಿಸಿ, "ಇಲ್ಲಿ ನೀವು ಹೇಳುವುದೇನಾದರೂ ಇದ್ದರೆ ಬರೆಯಬಹುದು, ಮಾತಾಜಿ. ನಿಧಾನವಾಗಿ ಬರೆಯಿರಿ, ನಾನು ಕಾಯುತ್ತೇನೆ" ಅಂದ.

ಈ ಕೇಸು ಶುರುವಾದಾಗಿನಿಂದ ಕೋರ್ಟಿನ ಕಡೆಯವರು ಯಾರಾದರೂ ನಿನಗೇನು ಹೇಳುವುದಿದೆ ಅಂತ ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಪೆನ್ನು ತೆಗೆದುಕೊಂಡು ನಮೂನೆಯನ್ನು ಮೇಲಿನಿಂದ ಓದಿದೆ. ಆಮೇಲೆ 'ಏನೂ ಇಲ್ಲ' ಅಂತ ಬರೆದು ಸಹಿ ಹಾಕಿದೆ.

ಅತ್ತಿಗೆ